ಕಾಫಿ ಪುಡಿ ಸವರಿದ ಸ್ಟೇಕ್ ಕೆಟ್ಟಾಗ: ಕಾರಣ ಹುಡುಕುವ ಕೈಪಿಡಿ

ಕಾಫಿ ಪುಡಿ ಸವರಿ ಸುಟ್ಟು, ಮೇಲೆ ಸೊಪ್ಪು ಬೆರೆಸಿದ ಬೆಣ್ಣೆ ಇಟ್ಟು ಬಡಿಸುವ ಸ್ಟೇಕ್ ಮನೆಯಲ್ಲಿ ಕೆಟ್ಟಾಗ ಮೊದಲ ಆರೋಪ ಮಾಂಸ ಕೊಟ್ಟವರ ಮೇಲೆ ಬೀಳುತ್ತದೆ, ಎರಡನೆಯದು ಗ್ಯಾಸ್ ಒಲೆಯ ಮೇಲೆ. ಬೆಂಗಳೂರಿನ ಒಂದು ಇಕ್ಕಟ್ಟಾದ ಅಡುಗೆಮನೆಯಲ್ಲಿ ನಾಲ್ಕು ವರ್ಷಗಳಿಂದ ಇದನ್ನು ಮಾಡುತ್ತ, ಕೆಡಿಸುತ್ತ, ಕೆಟ್ಟದ್ದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡುತ್ತ ಬಂದ ನನಗೆ ಕಂಡದ್ದು ಬೇರೆ. ಈ ಅಡುಗೆಯಲ್ಲಿ ದೋಷ ಕಾಣಿಸಿಕೊಳ್ಳುವ ಜಾಗವೇ ಒಂದು, ಹುಟ್ಟುವ ಜಾಗವೇ ಇನ್ನೊಂದು. ಬಾಣಲೆಯಲ್ಲಿ ಸೀದಂತೆ ತೋರುವ ಕಹಿಯ ಮೂಲ ಕಾಫಿ ಪುಡಿಯ ಡಬ್ಬಿಯಲ್ಲಿರುತ್ತದೆ, ಬಣ್ಣವೇ ಬಾರದ ಮಾಂಸದ ದೋಷ ಸಿಂಕಿನ ನಲ್ಲಿಯ ಕೆಳಗೆ ಶುರುವಾಗಿರುತ್ತದೆ, ಹಲ್ಲಿಗೆ ಸಿಗುವ ಗಟ್ಟಿತನ ಎರಡು ದಿನ ಮೊದಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಒಲೆಯ ಉರಿಯನ್ನು ಹೆಚ್ಚು ಕಡಿಮೆ ಮಾಡಿ ನೋಡುವುದಕ್ಕಿಂತ ಮುಂಚೆ ಹಿಂದಕ್ಕೆ ಹೋಗಿ ಹುಡುಕುವುದು ಲಾಭಕರ.

ಹುಡುಕುವಾಗ ಪಾಲಿಸಬೇಕಾದ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಪುಡಿ, ಬಾಣಲೆ, ಮಾಂಸ ಮೂರನ್ನೂ ಒಟ್ಟಿಗೆ ಬದಲಿಸಿದರೆ ಅಡುಗೆ ಸರಿಹೋಗಬಹುದು, ಆದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದೆ ಮುಂದಿನ ತಿಂಗಳು ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೇವೆ. ಕೆಟ್ಟ ಸ್ಟೇಕನ್ನು ಎಸೆಯುವ ಮೊದಲು ಅದನ್ನು ನಡುವೆ ಕತ್ತರಿಸಿ, ಕತ್ತರಿಸಿದ ಮುಖವನ್ನು ಹಗಲು ಬೆಳಕಿನಲ್ಲಿ ನೋಡಬೇಕು, ಹೊರಪದರವನ್ನು ಬೇರೆಯಾಗಿಯೂ ಒಳಭಾಗವನ್ನು ಬೇರೆಯಾಗಿಯೂ ರುಚಿ ನೋಡಬೇಕು. ಅರ್ಧ ರೋಗನಿರ್ಣಯ ಅಲ್ಲಿಯೇ ಮುಗಿಯುತ್ತದೆ.

ಯಾವ ಮಾಂಸದ ಮಾತು ಇದು ಎಂಬುದನ್ನೂ ಹೇಳಿಬಿಡಬೇಕು, ಏಕೆಂದರೆ ವಿದೇಶದ ಪಾಕವಿಧಾನಗಳು ಕೊಬ್ಬಿನ ಸಣ್ಣ ಎಳೆಗಳು ಹರಡಿಕೊಂಡಿರುವ ಎಳೆಯ ದನದ ಮಾಂಸವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಕರ್ನಾಟಕದಲ್ಲಿ 2020ರ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯ ಪ್ರಕಾರ 13 ವರ್ಷ ದಾಟಿದ, ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆದ ಎಮ್ಮೆ ಕೋಣಗಳನ್ನು ಮಾತ್ರ ಕಡಿಯಲು ಅವಕಾಶವಿದೆ. ಅಂದರೆ ಇಲ್ಲಿ ಸಿಗುವುದು ವಯಸ್ಸಾದ ಪ್ರಾಣಿಯ, ಕೊಬ್ಬು ಕಡಿಮೆಯಿರುವ, ಬಣ್ಣ ಗಾಢವಾಗಿರುವ ಮಾಂಸ. ಅದರಲ್ಲಿ ಸ್ಟೇಕಿಗೆ ನೆಚ್ಚಬಹುದಾದದ್ದು ಅಂಗಡಿಯವರು ಅಂಡರ್‌ಕಟ್ ಎಂದು ಕರೆಯುವ, ಬೆನ್ನುಮೂಳೆಯ ಒಳಬದಿಯ ಮೆತ್ತನೆಯ ತುಂಡು. ಹಂದಿಯ ಚಾಪ್‌ಗೂ ಕುರಿಯ ಚಾಪ್‌ಗೂ ಮುಂದಿನ ಮಾತುಗಳಲ್ಲಿ ಬಹುಪಾಲು ಅನ್ವಯಿಸುತ್ತವೆ, ಎಲ್ಲಿ ಅನ್ವಯಿಸುವುದಿಲ್ಲವೋ ಅಲ್ಲಿ ಹೇಳಿದ್ದೇನೆ.

ದೋಷವಿಲ್ಲದ ಸ್ಥಿತಿ

ಕೆಟ್ಟದ್ದನ್ನು ಗುರುತಿಸಲು ಸರಿಯಾದದ್ದರ ಅಳತೆ ಬೇಕು. 500 ಗ್ರಾಂ ಅಂಡರ್‌ಕಟ್ ಅನ್ನು 3 ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ, ಸುಮಾರು 6 ಗ್ರಾಂ ಉಪ್ಪನ್ನು ಎಲ್ಲ ಬದಿಗೂ ಸವರಿ, ತಂತಿಯ ಜಾಲರಿಯ ಮೇಲೆ ಮುಚ್ಚದೆ ಒಂದು ರಾತ್ರಿ ಫ್ರಿಜ್ಜಿನಲ್ಲಿ ಇಡಬೇಕು. ಮರುದಿನ ಒಂದು ದೊಡ್ಡ ಚಮಚ ನುಣ್ಣನೆಯ ಕಾಫಿ ಪುಡಿ, ಒಂದು ಚಿಕ್ಕ ಚಮಚ ಕುಟ್ಟಿದ ಕಾಳುಮೆಣಸು, ಅರ್ಧ ಚಿಕ್ಕ ಚಮಚ ಬ್ಯಾಡಗಿ ಮೆಣಸಿನ ಪುಡಿ ಇಷ್ಟನ್ನು ಬೆರೆಸಿ, ಬಾಣಲೆಗೆ ಹಾಕುವ ಹತ್ತು ನಿಮಿಷ ಮೊದಲು ತೆಳುವಾಗಿ ಒತ್ತಬೇಕು. ಬೀಡಿನ ಬಾಣಲೆಯನ್ನು ಮಧ್ಯಮ ಉರಿಯಲ್ಲಿ ಐದಾರು ನಿಮಿಷ ಕಾಯಿಸಿ, ಮಾಂಸಕ್ಕೆ ಎಣ್ಣೆ ಸವರಿ, ನಿಮಿಷಕ್ಕೊಮ್ಮೆ ಮಗುಚುತ್ತ ಆರರಿಂದ ಎಂಟು ನಿಮಿಷ ಸುಟ್ಟು, ನಡುಭಾಗ 55 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತೆಗೆದು, ಐದು ನಿಮಿಷ ಬಿಟ್ಟು, ಬಡಿಸುವಾಗ ಬೆಣ್ಣೆಯ ಬಿಲ್ಲೆ ಇಡಬೇಕು. ಹೊರಗೆ ಕಪ್ಪಿನಂಚಿಗೆ ಬಂದ ಕಂದು, ಒಣಗಿದ, ಬೆರಳಿಗೆ ಪುಡಿ ಹತ್ತದ ಪದರವಿರಬೇಕು. ಅದರ ಕೆಳಗೆ ಎರಡು ಮೂರು ಮಿಲಿಮೀಟರಿನಷ್ಟು ಮಾತ್ರ ಬೂದುಬಣ್ಣ, ನಂತರ ನಡುವಿನವರೆಗೂ ಒಂದೇ ಬಣ್ಣ ಇರಬೇಕು. ಬಾಯಲ್ಲಿ ಕಾಫಿ ಎಂದು ಬೇರೆಯಾಗಿ ತಿಳಿಯಬಾರದು, ಹುರಿದ ಮಸಾಲೆಯ ಗಂಭೀರವಾದ ಹಿನ್ನೆಲೆಯಷ್ಟೇ ಉಳಿಯಬೇಕು.

ಹೊರಪದರ ಕಹಿಯಾಗಿದೆ

ನನ್ನ ನೋಟ್ ಪುಸ್ತಕದಲ್ಲಿ ಅತಿ ಹೆಚ್ಚು ಪುಟ ತಿಂದಿರುವ ದೋಷ ಇದು. ಫಿಲ್ಟರ್ ಕಾಫಿಯ ಊರಿನಲ್ಲಿ ಇದಕ್ಕೊಂದು ವಿಶೇಷ ಕಾರಣವಿದೆ. ಮನೆಯಲ್ಲಿ ಕಾಫಿ ಪುಡಿ ಎಂದು ನಾವು ಕೈಹಾಕುವ ಡಬ್ಬಿಯಲ್ಲಿರುವುದು ಬಹುತೇಕ ಕಾಫಿ ಮತ್ತು ಚಿಕೋರಿಯ ಮಿಶ್ರಣ. ಪುಡಿಯಂಗಡಿಯ ಮುಂದೆ ನಿಂತವರಿಗೆ “ಚಿಕೋರಿ ಎಷ್ಟು ಹಾಕ್ಲಿ ಸಾರ್?” ಎಂಬ ಪ್ರಶ್ನೆ ಹೊಸದಲ್ಲ. ಎಂಬತ್ತು ಇಪ್ಪತ್ತು, ಎಪ್ಪತ್ತು ಮೂವತ್ತು ಎಂದು ಉತ್ತರಿಸಿ ಅಭ್ಯಾಸವಾದ ನಮಗೆ ಆ ಇಪ್ಪತ್ತೋ ಮೂವತ್ತೋ ಭಾಗ ಕಾಫಿಯೇ ಅಲ್ಲ ಎಂಬುದು ಅಡುಗೆಯ ಹೊತ್ತಿಗೆ ನೆನಪಿಗೆ ಬರುವುದಿಲ್ಲ. ಪೊಟ್ಟಣದಲ್ಲಿ ಮಾರುವ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕೆಂಬುದು ಆಹಾರ ಸುರಕ್ಷತೆಯ ನಿಯಮ. ಅಂದರೆ ಉಳಿದ ಶೇ. 49ರವರೆಗೂ ಚಿಕೋರಿ ಇರಲು ಅಡ್ಡಿಯಿಲ್ಲ.

ಚಿಕೋರಿ ಒಂದು ಗಿಡದ ಬೇರು. ಅದರಲ್ಲಿ ಇನ್ಯುಲಿನ್ ಎಂಬ, ಫ್ರಕ್ಟೋಸ್ ಸಕ್ಕರೆಯ ಸರಪಳಿಯಿಂದಾದ ಪದಾರ್ಥ ಹೇರಳವಾಗಿದ್ದು, ಹುರಿಯುವಾಗ ಅದರ ಒಂದು ಭಾಗ ಒಡೆದು ಸಕ್ಕರೆಯಾಗುತ್ತದೆ, ಸಕ್ಕರೆ ಕಂದುಗಟ್ಟುತ್ತದೆ. ಡಿಕಾಕ್ಷನ್‌ಗೆ ಗಾಢ ಬಣ್ಣವನ್ನೂ ಮಂದವನ್ನೂ ಕೊಡುವುದು ಈ ಗುಣವೇ. ಆದರೆ ಲೋಟದಲ್ಲಿ ಗುಣವಾಗಿದ್ದದ್ದು ಬಾಣಲೆಯಲ್ಲಿ ದೋಷವಾಗುತ್ತದೆ. ಚಿಕೋರಿ ಮಾಂಸದ ನೀರನ್ನು ಹೀರಿ ಅಂಟಾಗುತ್ತದೆ, ಅಂಟು ಬಾಣಲೆಗೆ ಹಿಡಿಯುತ್ತದೆ, ಹಿಡಿದದ್ದು ಕಾಫಿಗಿಂತ ಮುಂಚೆ ಸೀಯುತ್ತದೆ. ಡಬ್ಬಿಯಲ್ಲಿ ಚಿಕೋರಿ ಇದೆಯೇ ಎಂಬ ಅನುಮಾನವಿದ್ದರೆ ಒಂದು ಗಾಜಿನ ಲೋಟದಲ್ಲಿ ತಣ್ಣೀರು ಇಟ್ಟು ಮೇಲೆ ಒಂದು ಚಿಟಿಕೆ ಪುಡಿ ಉದುರಿಸಬೇಕು. ಕಾಫಿ ತೇಲುತ್ತದೆ, ಚಿಕೋರಿ ಕೆಲವೇ ಕ್ಷಣಗಳಲ್ಲಿ ಕಂದು ಗೆರೆ ಎಳೆಯುತ್ತ ತಳಕ್ಕೆ ಇಳಿಯುತ್ತದೆ.

ಕಹಿಯಲ್ಲೂ ಭೇದವಿದೆ, ಅದನ್ನು ನಾಲಿಗೆಯಿಂದ ಬಿಡಿಸಿಕೊಳ್ಳುವುದು ಕಷ್ಟವಲ್ಲ. ಸೀದುಹೋದ ಬೆಲ್ಲದ ಪಾಕದಂತೆ ಹಲ್ಲಿಗೆ ಅಂಟುವ ಕಹಿಯಾಗಿದ್ದರೆ ತಪ್ಪು ಚಿಕೋರಿಯದ್ದು, ಅಥವಾ ಪಾಕವಿಧಾನ ಹೇಳಿತೆಂದು ಬೆರೆಸಿದ ಸಕ್ಕರೆ ಬೆಲ್ಲದ್ದು. ವಿದೇಶದ ಪಾಕವಿಧಾನಗಳಲ್ಲಿ ಕಂದು ಸಕ್ಕರೆ ಇರುತ್ತದೆ, ಅದರ ಬದಲು ನಾವು ಬೆಲ್ಲ ಹಾಕುತ್ತೇವೆ, ಬೆಲ್ಲದಲ್ಲಿ ತೇವವೂ ಬೇಗ ಕಂದುಗಟ್ಟುವ ಸಕ್ಕರೆಗಳೂ ಹೆಚ್ಚು. ನಾನು ಸಿಹಿಯನ್ನು ಪೂರ್ತಿಯಾಗಿ ಕೈಬಿಟ್ಟಿದ್ದೇನೆ, ಅದರಿಂದ ಕಳೆದುಕೊಂಡದ್ದೇನೂ ಕಾಣೆ.

ಬೂದಿ ನೆಕ್ಕಿದಂತಹ ಒಣ ಕಹಿಯಾಗಿದ್ದರೆ ಕಾರಣ ಶಾಖ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕಾಫಿ ಪುಡಿ ಹಸಿ ಮಸಾಲೆಯಲ್ಲ, 200 ಡಿಗ್ರಿ ದಾಟಿದ ಶಾಖದಲ್ಲಿ ಒಮ್ಮೆ ಹುರಿದು ಮುಗಿದಿರುವ ವಸ್ತು. ಅದು ಬಾಣಲೆಯಲ್ಲಿ ಹೊಸದಾಗಿ ಕಂದಾಗಬೇಕಾದದ್ದೇನೂ ಇಲ್ಲ, ಇನ್ನು ಮುಂದೆ ಅದಕ್ಕೆ ಇರುವ ದಾರಿ ಇದ್ದಿಲಾಗುವುದೊಂದೇ. ಬರೀ ಉಪ್ಪು ಹಾಕಿದ ಸ್ಟೇಕಿಗೆ ಬಾಣಲೆ ಹೊಗೆಯಾಡುವಷ್ಟು ಕಾಯಬೇಕೆಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ಆದರೆ ಅದೇ ಸಲಹೆಯನ್ನು ಕಾಫಿ ಸವರಿದ ಸ್ಟೇಕಿಗೂ ಅನ್ವಯಿಸಿದರೆ ಮೊದಲ ನಿಮಿಷದಲ್ಲೇ ಅಡುಗೆ ಕೆಡುತ್ತದೆ. ಖಾಲಿ ಬಾಣಲೆಗೆ ಒಂದು ಹನಿ ನೀರು ಬಿಟ್ಟಾಗ ಅದು ಚುಂಯ್ ಎಂದು ಆರಿಹೋಗದೆ ಮುತ್ತಿನಂತೆ ಉರುಳಾಡತೊಡಗಿದರೆ ಸುಮಾರು 200 ಡಿಗ್ರಿ ಬಂದಿದೆ ಎಂದರ್ಥ. ಕಾಫಿಗೆ ಅಷ್ಟು ಸಾಕು, ಅಲ್ಲಿಂದ ಮುಂದಕ್ಕೆ ಉರಿಯನ್ನು ಏರಿಸಬಾರದು. ದೋಸೆಗೆ ಕಾವಲಿಯ ಹದ ನೋಡಿ ಪಳಗಿದ ಕೈಗೆ ಇದು ಹೊಸ ವಿದ್ಯೆಯೇನಲ್ಲ. (ದೋಸೆಗೆಂದೇ ಇಟ್ಟ ಕಾವಲಿಯನ್ನು ಕೇಳದೆ ಮಾಂಸಕ್ಕೆ ಬಳಸಿದರೆ ಮನೆಯಲ್ಲಿ ಉಂಟಾಗುವ ದೋಷಕ್ಕೆ ಈ ಕೈಪಿಡಿಯಲ್ಲಿ ಪರಿಹಾರವಿಲ್ಲ.)

ಮೂರನೆಯದು, ಸೀದ ವಾಸನೆಯೇ ಇಲ್ಲದೆ ನಾಲಿಗೆಯ ಹಿಂಭಾಗದಲ್ಲಿ ಕಷಾಯದಂತೆ ಉಳಿಯುವ ಕಹಿ. ಇದು ಪುಡಿ ದಪ್ಪವಾಗಿ ಹತ್ತಿದ್ದರಿಂದ, ಅಥವಾ ಪುಡಿಯಲ್ಲಿ ರೋಬಸ್ಟಾ ಹೆಚ್ಚಿರುವುದರಿಂದ ಬರುತ್ತದೆ. ರೋಬಸ್ಟಾ ಬೀಜದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು, ಕಹಿ ಒಗರುಗಳೂ ಮೇಲು. ಅಂಗಡಿಯ ಫಲಕದಲ್ಲಿ ಪ್ಲಾಂಟೇಷನ್ ಎಂದಿದ್ದರೆ ಅದು ತೊಳೆದು ಸಂಸ್ಕರಿಸಿದ ಅರೇಬಿಕಾ, ಪಾರ್ಚ್‌ಮೆಂಟ್ ಎಂದಿದ್ದರೆ ತೊಳೆದ ರೋಬಸ್ಟಾ, ಚೆರಿ ಎಂದಿದ್ದರೆ ಹಣ್ಣಿನ ಸಮೇತ ಒಣಗಿಸಿದ್ದು. ಪೀಬೆರಿ ಎಂಬುದು ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡು ಬೀಜದ ಹೆಸರೇ ಹೊರತು ತಳಿಯದ್ದಲ್ಲ, ಹಾಗಾಗಿ ಪೀಬೆರಿ ಎಂದ ಮಾತ್ರಕ್ಕೆ ಅರೇಬಿಕಾ ಎಂದು ತಿಳಿಯಬಾರದು. ಸ್ಟೇಕಿಗಾಗಿ ನಾನು ಚಿಕೋರಿಯಿಲ್ಲದ ಪ್ಲಾಂಟೇಷನ್ ಪುಡಿಯನ್ನು, ಹೆಚ್ಚು ಕಪ್ಪಗೆ ಹುರಿಯದ ಹದದಲ್ಲಿ, 50 ಗ್ರಾಂ ಮಾತ್ರ ಬೇರೆಯಾಗಿ ತರುತ್ತೇನೆ. ಫಿಲ್ಟರಿಗೆ ಬೀಸಿದ ಪುಡಿ ಹಲ್ಲಿಗೆ ಮರಳಿನಂತೆ ಸಿಗುವುದರಿಂದ ಮಿಕ್ಸಿಯ ಚಿಕ್ಕ ಜಾರಿನಲ್ಲಿ ಇನ್ನೊಂದು ಸುತ್ತು ತಿರುಗಿಸಿಕೊಳ್ಳಬೇಕು.

ಇನ್‌ಸ್ಟಂಟ್ ಕಾಫಿ ಬೇಡವೇ ಬೇಡ, ಅದು ತೇವ ತಗಲಿದೊಡನೆ ಕರಗಿ ಬಣ್ಣದ ನೀರಾಗುತ್ತದೆ. ಡಿಕಾಕ್ಷನ್ ಇಳಿದ ಮೇಲೆ ಉಳಿಯುವ ಚರಟವನ್ನು ಒಣಗಿಸಿ ಬಳಸಬಹುದೆಂಬ ಉಳಿತಾಯದ ಬುದ್ಧಿಯೂ ಬೇಡ, ಅದರ ಸಾರವೆಲ್ಲ ಬೆಳಗಿನ ಕಾಫಿಗೆ ಹೋಗಿದೆ.

ಬಣ್ಣ ಬಂದಿಲ್ಲ, ಮಾಂಸ ಬೂದುಬಣ್ಣಕ್ಕೆ ತಿರುಗಿದೆ

ಮಾಂಸದ ಮೇಲ್ಮೈ ಕಂದಾಗುವುದು ಪ್ರೋಟೀನಿನ ಅಂಶಗಳೂ ಸಕ್ಕರೆಯೂ ಶಾಖದಲ್ಲಿ ಕೂಡಿ ನಡೆಸುವ ಕ್ರಿಯೆಯಿಂದ. ಫ್ರಾನ್ಸಿನ ಮಯ್ಯಾರ್ ಎಂಬ ವಿಜ್ಞಾನಿ 1912ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಅವನದೇ ಹೆಸರಿದೆ. ಅಡುಗೆಯ ವೇಗದಲ್ಲಿ ಅದು ನಡೆಯಬೇಕಾದರೆ ಮೇಲ್ಮೈ ಸುಮಾರು 140 ಡಿಗ್ರಿ ದಾಟಬೇಕು. ಮೇಲ್ಮೈಯಲ್ಲಿ ನೀರಿರುವಷ್ಟು ಹೊತ್ತು ಉಷ್ಣತೆ ನೀರು ಕುದಿಯುವ ಮಟ್ಟವನ್ನು ದಾಟುವುದಿಲ್ಲ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,260 ಜೂಲ್ ಶಾಖ ಬೇಕು. ಒಂದು ಚಿಕ್ಕ ಚಮಚದಷ್ಟು, ಅಂದರೆ 5 ಮಿಲಿಲೀಟರ್ ನೀರು ಆವಿಯಾಗುವಾಗ ಒಂದು ಕಿಲೋ ತೂಕದ ಬೀಡಿನ ಬಾಣಲೆಯಿಂದ ಕಸಿಯುವ ಶಾಖ ಅದರ ಉಷ್ಣತೆಯನ್ನು 25 ಡಿಗ್ರಿಯಷ್ಟು ಇಳಿಸಲು ಸಾಕು. ಅರ್ಧ ಕಿಲೋದ ಹಗುರ ಕಬ್ಬಿಣದ ಕಾವಲಿಯಾದರೆ ಇಳಿತ 50 ಡಿಗ್ರಿ. ಬಾಣಲೆ ತಣ್ಣಗಾಯಿತೆಂದು ನಾವು ಉರಿ ಏರಿಸುತ್ತೇವೆ, ಆ ಹೊತ್ತಿಗೆ ಒಳಗೆ ಮಾಂಸ ಬೇಯುತ್ತ ಹೋಗಿ, ಬಣ್ಣ ಬರುವುದರೊಳಗೆ ಅಂಚಿನ ಬೂದು ಪಟ್ಟಿ ಒಂದು ಬೆರಳಿನಷ್ಟಾಗಿರುತ್ತದೆ.

ಈ ನೀರು ಎಲ್ಲಿಂದ ಬಂತು? ಮುಖ್ಯವಾಗಿ ನಮ್ಮ ಅಭ್ಯಾಸದಿಂದ. ಮಾಂಸವನ್ನು ಮೂರು ಸಲ ತೊಳೆದು ಜರಡಿಯಲ್ಲಿ ಬಸಿಯುವುದು ನಮ್ಮ ಮನೆಗಳಲ್ಲಿ ಶುಚಿತ್ವದ ಪ್ರಶ್ನೆ, ಸಾರು ಪಲ್ಯಗಳಿಗೆ ಅದರಿಂದ ತೊಂದರೆಯೂ ಇಲ್ಲ. ಸ್ಟೇಕಿನ ಮಟ್ಟಿಗೆ ಅದು ನೇರ ಹಾನಿ. ತೊಳೆಯಲೇಬೇಕೆನಿಸಿದರೆ ಹಿಂದಿನ ದಿನ, ಇಡಿಯ ತುಂಡಾಗಿರುವಾಗಲೇ ಮುಗಿಸಿ, ಬಟ್ಟೆಯಲ್ಲಿ ಒತ್ತಿ, ಉಪ್ಪು ಸವರಿ, ಫ್ರಿಜ್ಜಿನ ಒಣ ಗಾಳಿಗೆ ಬಿಡಬೇಕು. ಉಪ್ಪಿನ ಹೊತ್ತನ್ನೂ ಇಲ್ಲಿ ಪರೀಕ್ಷಿಸಬೇಕು. ಉಪ್ಪು ಬಿದ್ದ ಮೊದಲ ಅರ್ಧ ಗಂಟೆಯಲ್ಲಿ ಮಾಂಸದಿಂದ ನೀರು ಹೊರಕ್ಕೆ ಒಸರುತ್ತದೆ, ನಂತರವಷ್ಟೇ ಅದು ಉಪ್ಪಿನೊಂದಿಗೆ ಮೆಲ್ಲಗೆ ಒಳಕ್ಕೆ ಮರಳುತ್ತದೆ. ಉಪ್ಪು ಸವರಿ ಹತ್ತಿಪ್ಪತ್ತು ನಿಮಿಷಕ್ಕೆ ಬಾಣಲೆಗೆ ಹಾಕುವವರು ಅತ್ಯಂತ ಒದ್ದೆಯಾದ ಗಳಿಗೆಯನ್ನೇ ಆರಿಸಿಕೊಂಡಿರುತ್ತಾರೆ. ಕನಿಷ್ಠ 40 ನಿಮಿಷ ಮೊದಲು, ಇಲ್ಲವೇ ಬಾಣಲೆಗೆ ಹಾಕುವ ಕ್ಷಣದಲ್ಲಿ ಉಪ್ಪು ಹಾಕಬೇಕು. ಕಾಫಿ ಪುಡಿಯ ವಿಷಯದಲ್ಲಿ ಇದು ತಿರುಗುಮುರುಗು: ಅದನ್ನು ರಾತ್ರಿಯೆಲ್ಲ ಬಿಟ್ಟರೆ ಕೆಸರಾಗುತ್ತದೆ, ಆದ್ದರಿಂದ ಕೊನೆಗೆ ಒತ್ತಬೇಕು.

ಇನ್ನುಳಿದ ಕಾರಣಗಳು ಸಣ್ಣವು. ಬಾಣಲೆಯಲ್ಲಿ ತುಂಡುಗಳ ನಡುವೆ ಎರಡು ಬೆರಳಿನಷ್ಟು ಜಾಗವಿರಬೇಕು, ಮುಚ್ಚಳ ಹಾಕಬಾರದು. ಫ್ರೀಜರಿನಿಂದ ತೆಗೆದ ಮಾಂಸವನ್ನು ಫ್ರಿಜ್ಜಿನಲ್ಲೇ ಒಂದು ದಿನ ಕರಗಲು ಬಿಟ್ಟು ಚೆನ್ನಾಗಿ ಒರೆಸಬೇಕು. ನಾನ್‌ಸ್ಟಿಕ್ ಪಾತ್ರೆಯ ಲೇಪ 260 ಡಿಗ್ರಿಯ ಮೇಲೆ ಹಾಳಾಗತೊಡಗುವುದರಿಂದ ಖಾಲಿಯಾಗಿ ಜೋರು ಉರಿಯಲ್ಲಿ ಕಾಯಿಸಲು ಅದು ತಕ್ಕದ್ದಲ್ಲ.

ಥರ್ಮಾಮೀಟರ್ ಇದ್ದೂ ಒಳಗೆ ಹದ ತಪ್ಪಿದೆ

ಎರಡು ವರ್ಷದ ಹಿಂದೆ ನಾನೊಂದು ಮುಳ್ಳಿನ ಥರ್ಮಾಮೀಟರ್ ತಂದೆ. ಅದರ ಜೊತೆ ಬಂದ ಕೈಪಿಡಿಯಲ್ಲಿ ಹೇಳಿದಂತೆ ಕುದಿಯುವ ನೀರಿನಲ್ಲಿ ಅದ್ದಿ ನೋಡಿದಾಗ ಮುಳ್ಳು 97ರಲ್ಲಿ ನಿಂತಿತು. ಹೊಸ ಉಪಕರಣವೇ ಸುಳ್ಳು ಹೇಳುತ್ತಿದೆಯೆಂದು ಹಿಂಬದಿಯ ತಿರುಪು ತಿರುಗಿಸಿ ಮುಳ್ಳನ್ನು 100ಕ್ಕೆ ಕೂರಿಸಿದೆ. ಅಲ್ಲಿಂದ ಮುಂದೆ ಒಂದೂ ಸ್ಟೇಕ್ ಹದಕ್ಕೆ ಬರಲಿಲ್ಲ, ಎಲ್ಲವೂ ಅಂದುಕೊಂಡದ್ದಕ್ಕಿಂತ ಹಸಿ. ಊಟಕ್ಕೆ ಬಂದಿದ್ದ ಸೋದರಮಾವ ತಟ್ಟೆಯನ್ನು ಮೆಲ್ಲನೆ ಸರಿಸಿ, “ಇನ್ನೊಂಚೂರು ಬೇಯ್ಸಿಬಿಡಪ್ಪಾ” ಎಂದದ್ದು ಮೂರನೆಯ ಸಲವಾದಾಗ ಕಾರಣ ಹುಡುಕಲು ಕುಳಿತೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು ಕುದಿಯುವುದೇ ಸುಮಾರು 97 ಡಿಗ್ರಿಯಲ್ಲಿ. ಥರ್ಮಾಮೀಟರ್ ನಿಜವನ್ನೇ ಹೇಳಿತ್ತು, ಮೂರು ಡಿಗ್ರಿ ಸುಳ್ಳನ್ನು ಅದಕ್ಕೆ ಕಲಿಸಿದವನು ನಾನು. ಈ ಊರಿನಲ್ಲಿ ಪರೀಕ್ಷೆಗೆ ಕುದಿಯುವ ನೀರಿಗಿಂತ ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಬೆರೆಸಿದ ಲೋಟ ಮೇಲು. ಚೆನ್ನಾಗಿ ಕಲಕಿ, ನಡುವೆ ಅದ್ದಿದರೆ ಸೊನ್ನೆ ತೋರಿಸಬೇಕು, ಎತ್ತರ ಅದನ್ನು ಬದಲಿಸುವುದಿಲ್ಲ.

ಉಪಕರಣ ಸರಿಯಿದ್ದೂ ಹದ ತಪ್ಪಿದರೆ ಚುಚ್ಚುವ ಜಾಗವನ್ನು ನೋಡಬೇಕು. ಮೇಲಿನಿಂದ ಚುಚ್ಚಿದರೆ ತುದಿ ಬಾಣಲೆಯ ಕಡೆಗೆ ಹೋಗಿ ಹೆಚ್ಚು ತೋರಿಸುತ್ತದೆ, ಪಕ್ಕದಿಂದ ನಡುಮಧ್ಯಕ್ಕೆ ಚುಚ್ಚಬೇಕು. ಒಲೆಯಿಂದ ತೆಗೆದ ಮೇಲೂ ಒಳಗಿನ ಶಾಖ ಮೂರರಿಂದ ಐದು ಡಿಗ್ರಿ ಏರುತ್ತದೆ. 55ರಲ್ಲಿ ತೆಗೆದದ್ದು ತಟ್ಟೆಯಲ್ಲಿ 60ರ ಹತ್ತಿರ ನಿಲ್ಲುತ್ತದೆ, ನಮ್ಮ ಅಂಡರ್‌ಕಟ್‌ಗೆ ನಾನು ಒಪ್ಪುವ ಹದ ಅದು. ಮಾಂಸದ ಪ್ರೋಟೀನುಗಳಲ್ಲಿ ಒಂದಾದ ಆಕ್ಟಿನ್ 66 ಡಿಗ್ರಿಯ ಆಚೆ ಬಿಗಿದುಕೊಂಡು ರಸವನ್ನು ಹಿಂಡಿಹಾಕುತ್ತದೆ. ಕೊಬ್ಬಿಲ್ಲದ ಎಮ್ಮೆ ಮಾಂಸದಲ್ಲಿ ಆ ನಷ್ಟವನ್ನು ತುಂಬಿಕೊಡುವುದು ಯಾವುದೂ ಇಲ್ಲ. ಬಣ್ಣವನ್ನು ನಂಬಿ ಹದ ಹೇಳುವುದೂ ಇಲ್ಲಿ ಮೋಸ, ಏಕೆಂದರೆ ಎಮ್ಮೆ ಮಾಂಸ ಸಹಜವಾಗಿಯೇ ಗಾಢ ಕೆಂಪಾಗಿದ್ದು ಬೆಂದ ಮೇಲೂ ಹಸಿಯಂತೆ ತೋರುತ್ತದೆ. ಹಂದಿಗೆ 63 ಡಿಗ್ರಿ ಮತ್ತು ಮೂರು ನಿಮಿಷದ ವಿರಾಮ ಕನಿಷ್ಠ. ಮೆತ್ತಗಾಗಲೆಂದು ಫೋರ್ಕಿನಿಂದ ಚುಚ್ಚಿದ ಮಾಂಸ ಯಾವುದೇ ಇರಲಿ, ಮೇಲ್ಮೈಯ ಸೂಕ್ಷ್ಮಾಣುಗಳು ಒಳಕ್ಕೆ ಹೋಗಿರುವುದರಿಂದ ಅದನ್ನು ಕೈಮಾದಂತೆ 71 ಡಿಗ್ರಿಯವರೆಗೆ ಬೇಯಿಸಬೇಕು. ಬಸುರಿಯರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಅರೆಬೆಂದ ಹದ ಬೇಡ.

ಹದ ಸರಿಯಿದೆ, ಆದರೂ ಗಟ್ಟಿ

ಮಾಂಸದಂಗಡಿಯಲ್ಲಿ “ಇವತ್ತು ಬೆಳಿಗ್ಗೆದೇ ಸಾರ್, ಫುಲ್ ಫ್ರೆಶ್” ಎಂಬ ಮಾತು ಹೊಗಳಿಕೆ. ಸ್ಟೇಕಿಗೆ ಅದು ಎಚ್ಚರಿಕೆ. ಕಡಿದ ಕೆಲವು ಗಂಟೆಗಳಲ್ಲಿ ಸ್ನಾಯುಗಳು ಸೆಟೆದುಕೊಳ್ಳುತ್ತವೆ, ದೊಡ್ಡ ಪ್ರಾಣಿಗಳಲ್ಲಿ ಆ ಸೆಟೆತ ಸಡಿಲಗೊಳ್ಳಲು ಒಂದೆರಡು ದಿನ ಬೇಕು, ಅದಾದ ಮೇಲೆ ಮಾಂಸದೊಳಗಿನ ಕಿಣ್ವಗಳು ಎಳೆಗಳನ್ನು ಮೆಲ್ಲನೆ ಬಿಡಿಸುತ್ತ ಹೋಗುತ್ತವೆ. ಬೆಳಿಗ್ಗೆ ತಂದು ಮಧ್ಯಾಹ್ನ ಸುಟ್ಟ ಮಾಂಸ ಆ ಸೆಟೆತದ ನಡುವೆಯೇ ಬಾಣಲೆಗೆ ಬಿದ್ದಿರುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ಆರು ವಿಷಲ್ ಕೂಗಿಸುವ ಅಡುಗೆಗೆ ಇದು ಲೆಕ್ಕಕ್ಕೆ ಬರುವುದಿಲ್ಲ, ಎಂಟು ನಿಮಿಷದ ಅಡುಗೆಗೆ ಇದೇ ಎಲ್ಲ. ತಂದ ತುಂಡನ್ನು ಫ್ರಿಜ್ಜಿನ ಅತಿ ತಣ್ಣನೆಯ ಮೂಲೆಯಲ್ಲಿ, 4 ಡಿಗ್ರಿ ಮೀರದಂತೆ, ಎರಡು ದಿನ ಇಟ್ಟು ನೋಡಿದರೆ ವ್ಯತ್ಯಾಸ ಚಾಕುವಿಗೇ ತಿಳಿಯುತ್ತದೆ. ದಿನಕ್ಕೆರಡು ಸಲ ಕರೆಂಟ್ ಹೋಗುವ ಬಡಾವಣೆಗಳಲ್ಲಿ ಮಾತ್ರ ಈ ಪ್ರಯೋಗ ಬೇಡ.

ಅಂಡರ್‌ಕಟ್ ಮೇಲಿನ ಬೆಳ್ಳಿಯಂತೆ ಹೊಳೆಯುವ ಬಿಳಿ ಪೊರೆಯನ್ನು ತೆಗೆಯದಿದ್ದರೆ ಅದು ಶಾಖಕ್ಕೆ ಸುರುಟಿಕೊಂಡು ಬಿಲ್ಲೆಯನ್ನು ಬಟ್ಟಲಿನಂತೆ ಬಾಗಿಸುತ್ತದೆ. ಅಂಚು ಬಾಗಿರುವುದು ಕಂಡರೆ ಕಾರಣ ಇದೇ. ಪರಂಗಿಕಾಯಿ ಅರೆದು ಹಚ್ಚುವ ನಮ್ಮ ಹಳೆಯ ಉಪಾಯ ಕಬಾಬಿಗೆ ಚೆನ್ನ. ಇಲ್ಲಿ ಅದು ಮೇಲ್ಮೈಯನ್ನು ಮಾತ್ರ ಹಿಟ್ಟಿನಂತೆ ಮಾಡಿ ಒಳಗನ್ನು ಹಾಗೇ ಬಿಡುತ್ತದೆ, ಮೇಲಾಗಿ ಒದ್ದೆ ಮಾಡುತ್ತದೆ. ತಟ್ಟೆಯಲ್ಲಿ ಕತ್ತರಿಸುವಾಗ ಎಳೆಗೆ ಅಡ್ಡವಾಗಿ ಕತ್ತರಿಸಬೇಕೆಂಬುದನ್ನು ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಸೊಪ್ಪಿನ ಬೆಣ್ಣೆಯ ದೋಷಗಳು

ಇಲ್ಲಿಯೂ ಆರೋಪಿ ನೀರೇ. ಅಂಗಡಿಯಲ್ಲಿ ಸಿಗುವ ಟೇಬಲ್ ಬೆಣ್ಣೆಯಲ್ಲಿ ಕನಿಷ್ಠ ಶೇ. 80 ಕೊಬ್ಬು, ಹೆಚ್ಚೆಂದರೆ ಶೇ. 16 ನೀರು ಇರಬೇಕೆಂಬ ನಿಯಮವಿದೆ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ಸಿಕ್ಕಿಕೊಂಡಿರುವುದರಿಂದ ನೀರು ಅದಕ್ಕಿಂತ ಹೆಚ್ಚು, ಹುಳಿಯೂ ಇರುತ್ತದೆ. ಅದಕ್ಕೆ ತೊಳೆದ ಪಾರ್ಸ್ಲಿಯನ್ನು ಹನಿಯೊಂದಿಗೇ ಹೆಚ್ಚಿ ಹಾಕಿದರೆ ಫ್ರಿಜ್ಜಿನಲ್ಲಿ ಬೆಣ್ಣೆಯ ಸುರುಳಿ ಬೆವರುತ್ತದೆ, ಸ್ಟೇಕಿನ ಮೇಲೆ ಇಟ್ಟಾಗ ಕರಗುವ ಬದಲು ಒಡೆದು ಹಳದಿ ಎಣ್ಣೆ ಮತ್ತು ಬಿಳಿ ನೀರಾಗಿ ಹರಿಯುತ್ತದೆ, ಕಷ್ಟಪಟ್ಟು ಕಟ್ಟಿದ ಹೊರಪದರ ಮೆತ್ತಗಾಗುತ್ತದೆ. ಮನೆಬೆಣ್ಣೆಯನ್ನೇ ಬಳಸುವುದಾದರೆ ತಣ್ಣೀರಿನಲ್ಲಿ ಹಿಸುಕಿ ತೊಳೆದು, ನೀರು ತಿಳಿಯಾಗುವವರೆಗೂ ಬದಲಿಸಿ, ಚೆನ್ನಾಗಿ ಹಿಂಡಬೇಕು. ಸೊಪ್ಪನ್ನು ಬಟ್ಟೆಯಲ್ಲಿ ಒರೆಸಿ ಅರ್ಧ ಗಂಟೆ ಫ್ಯಾನಿನ ಕೆಳಗೆ ಆರಹಾಕಿ ನಂತರ ಹೆಚ್ಚಬೇಕು.

ಏಪ್ರಿಲ್ ತಿಂಗಳಲ್ಲಿ ಬೆಣ್ಣೆಯನ್ನು ಮೃದುವಾಗಲೆಂದು ಕಟ್ಟೆಯ ಮೇಲೆ ಬಿಟ್ಟು ಮರೆತರೆ ಅದು ಮೃದುವಾಗಿ ನಿಲ್ಲದೆ ಕರಗಿಯೇ ಹೋಗುತ್ತದೆ, ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಬೆಣ್ಣೆ ಮೊದಲಿನಂತೆ ಸೊಪ್ಪನ್ನು ಹಿಡಿದುಕೊಳ್ಳುವುದಿಲ್ಲ. ಬೆರಳು ಒತ್ತಿದರೆ ಗುಳಿ ಬೀಳುವಷ್ಟು ಸಾಕು. 100 ಗ್ರಾಂ ಬೆಣ್ಣೆಗೆ ಎರಡು ದೊಡ್ಡ ಚಮಚ ಹೆಚ್ಚಿದ ಸೊಪ್ಪು, ಒಂದು ಎಸಳು ಬೆಳ್ಳುಳ್ಳಿ, ಒಂದು ಚಿಕ್ಕ ಚಮಚ ನಿಂಬೆರಸ ನನ್ನ ಅಳತೆ. ರೋಸ್‌ಮೇರಿ ಕಾಫಿಯೊಂದಿಗೆ ಜಗಳಕ್ಕೆ ನಿಲ್ಲುತ್ತದೆ, ಥೈಮ್ ಹೊಂದಿಕೊಳ್ಳುತ್ತದೆ. ಯಾವುದೂ ಸಿಗದ ದಿನ ಸಬ್ಬಸಿಗೆ ಸೊಪ್ಪು ಹಾಕಿ ನೋಡಿದ್ದೇನೆ, ಅವರೆಕಾಳಿಗೆ ಅದು ಎಷ್ಟು ಚೆನ್ನೋ ಕಾಫಿಗೆ ಅಷ್ಟೇ ಪರಕೀಯ. ಟೇಬಲ್ ಬೆಣ್ಣೆಯಲ್ಲಿ ಉಪ್ಪು ಮೊದಲೇ ಇರುತ್ತದೆ, ಊಟ ಉಪ್ಪಾಯಿತೆಂದರೆ ಮೊದಲು ಅನುಮಾನಿಸಬೇಕಾದದ್ದು ಅದನ್ನು.

ಬೆಣ್ಣೆಯಲ್ಲಿನ ಬೆಳ್ಳುಳ್ಳಿ ಮರುದಿನ ಹಸಿರು ನೀಲಿ ಬಣ್ಣಕ್ಕೆ ತಿರುಗಿದ್ದನ್ನು ಕಂಡು ನಾನೊಮ್ಮೆ ಇಡೀ ಸುರುಳಿಯನ್ನು ಎಸೆದಿದ್ದೆ. ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳು ನಿಂಬೆಯ ಹುಳಿಯೊಂದಿಗೆ ಸೇರಿ ಉಂಟುಮಾಡುವ ಬಣ್ಣ ಅದು, ಹಾನಿಯಿಲ್ಲ. ಆದರೆ ಹಸಿ ಬೆಳ್ಳುಳ್ಳಿ ಸೇರಿದ ಕೊಬ್ಬನ್ನು ಹೊರಗೆ ಇಡುವುದು ನಿಜವಾಗಿಯೂ ಅಪಾಯ, ಗಾಳಿಯಿಲ್ಲದ ಜಾಗದಲ್ಲಿ ಬೆಳೆಯುವ ಬಾಟುಲಿಸಂ ಸೂಕ್ಷ್ಮಾಣುವಿಗೆ ಅದು ಅನುಕೂಲ. ಮೂರು ನಾಲ್ಕು ದಿನಕ್ಕೆ ಫ್ರಿಜ್ಜು, ಅದಕ್ಕಿಂತ ಹೆಚ್ಚಿಗೆ ಫ್ರೀಜರ್.

ಬೆಣ್ಣೆಯ ಮೇಲೆ ಕರಿ ಚುಕ್ಕೆಗಳು ಬಿದ್ದು ಕಹಿಯಾದರೆ ಅದನ್ನು ಬಾಣಲೆಗೆ ಬೇಗ ಹಾಕಿದ್ದೀರಿ ಎಂದರ್ಥ. ಬೆಣ್ಣೆಯಲ್ಲಿರುವ ಹಾಲಿನ ಅಂಶ 150 ಡಿಗ್ರಿಯ ಆಸುಪಾಸಿನಲ್ಲಿ ಸೀಯತೊಡಗುತ್ತದೆ. ಅದನ್ನು ಕಾಯಿಸಿ ತೆಗೆದ ತುಪ್ಪ 250ರ ಹತ್ತಿರದವರೆಗೂ ತಡೆಯುವುದು ಈ ಕಾರಣಕ್ಕೇ. ಸುಡಲು ತುಪ್ಪ, ಮೇಲಿಡಲು ಬೆಣ್ಣೆ ಎಂದು ಕೆಲಸ ಹಂಚಿಬಿಟ್ಟರೆ ಈ ದೋಷ ಮತ್ತೆ ಬರುವುದಿಲ್ಲ.

ಹೊಗೆ ಮತ್ತು ಘಾಟು

ಫ್ಲ್ಯಾಟಿನಲ್ಲಿ ಇರುವವರಿಗೆ ರುಚಿಗಿಂತ ಇದೇ ದೊಡ್ಡ ದೋಷ. ಹೊಗೆ ತಿಳಿ ನೀಲಿಯಾಗಿದ್ದು ಕಣ್ಣು ಉರಿಸಿದರೆ ಎಣ್ಣೆಯದ್ದು. ಗಾಣದ ಕಡಲೆಕಾಯಿ ಎಣ್ಣೆ ಒಗ್ಗರಣೆಗೆ ಎಷ್ಟೇ ಪರಿಮಳವಿದ್ದರೂ ಶುದ್ಧೀಕರಿಸದ ಕಾರಣ ಬೇಗ ಹೊಗೆಯಾಡುತ್ತದೆ, ಇಲ್ಲಿಗೆ ರಿಫೈನ್ಡ್ ಎಣ್ಣೆ ಅಥವಾ ತುಪ್ಪವೇ ಸರಿ, ಅದೂ ಬಾಣಲೆಗಲ್ಲ, ಮಾಂಸಕ್ಕೆ ಸವರಿದರೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಕೆಮ್ಮು ಸೀನು ಬರಿಸುವ ಘಾಟಾದರೆ ಅದು ಎಣ್ಣೆಯದ್ದಲ್ಲ, ಮೆಣಸಿನ ಪುಡಿಯದ್ದು. ಮೊದಲ ಎರಡು ಮೂರು ಸಲ ನಾನು ಗುಂಟೂರು ಮೆಣಸಿನ ಪುಡಿ ಬೆರೆಸಿ, ಬಾಗಿಲು ತೆರೆದು, ಮೆಟ್ಟಿಲವರೆಗೂ ಕೆಮ್ಮು ಹಬ್ಬಿಸಿದ್ದುಂಟು. ಬ್ಯಾಡಗಿಗೆ ಬದಲಿಸಿದ ಮೇಲೆ ಘಾಟು ತಗ್ಗಿತು, ಪೂರ್ತಿ ಹೋಗಲಿಲ್ಲ. ಈಗ ಮನೆಯಲ್ಲಿ ಮಗು ಮಲಗಿರುವ ದಿನ ಮೆಣಸಿನ ಪುಡಿಯನ್ನು ಕಾಫಿಯ ಜೊತೆ ಸೇರಿಸುವುದೇ ಇಲ್ಲ, ಅದನ್ನು ಸೊಪ್ಪಿನ ಬೆಣ್ಣೆಗೆ ಬೆರೆಸುತ್ತೇನೆ. ಬಾಣಲೆಯ ಶಾಖ ಅದಕ್ಕೆ ತಗಲುವುದಿಲ್ಲ, ಬೆಣ್ಣೆಗೂ ಕೆಂಪು ಬರುತ್ತದೆ.